ಲೋಡ್ ಡೇಟಾ: ಹಳೆಯ ಡಬ್ಬಿಯ ಮದ್ದಿಗೆ ಲೆಕ್ಕ ಸಿಗುವುದೆಲ್ಲಿ?

ಸಿಡಿಸಿದ ತೋಟಾಗಳಿಗೆ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವುದಕ್ಕೆ ಅಮೆರಿಕದಲ್ಲಿ ರಿಲೋಡಿಂಗ್ ಎನ್ನುತ್ತಾರೆ. ಅಲ್ಲಿ ಅದು ದೊಡ್ಡ ಹವ್ಯಾಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಯಾವ ತೋಟಾದಲ್ಲಿ, ಎಷ್ಟು ತೂಕದ ಗುಂಡಿಗೆ, ಯಾವ ಮದ್ದು ಎಷ್ಟು ಗ್ರೇನ್ ಎಂದು ಒತ್ತಡ ಅಳೆದು ಕೊಟ್ಟ ಪಟ್ಟಿಯೇ ಲೋಡ್ ಡೇಟಾ. ಗ್ರೇನ್ ಇಲ್ಲಿ ತೂಕದ ಅಳತೆ: ಪೌಂಡಿಗೆ 7000, ಗ್ರಾಮಿಗೆ ಸುಮಾರು 15.4.

ಮನೆಯ ಹಿರಿಯರ ಗ್ಯಾರೇಜಿನಲ್ಲಿ ಹಳೆಯ ಪಿಸ್ತೂಲು ಮದ್ದಿನ ಡಬ್ಬಿ ಸಿಕ್ಕಿತು ಎನ್ನಿ. ಮೊದಲು ನೋಡಬೇಕಾದ್ದು ಸೀಲು. ಸೀಲು ಒಡೆದಿದ್ದರೆ ಒಳಗಿರುವುದು ಚೀಟಿಯಲ್ಲಿ ಬರೆದ ಮದ್ದೇ ಎನ್ನಲು ಆಧಾರವಿಲ್ಲ. ಯಾರೋ ಉಳಿದದ್ದನ್ನು ಸುರಿದಿಟ್ಟಿರಬಹುದು. ಕಣ್ಣಳತೆಯಲ್ಲಿ ಮದ್ದು ಗುರುತಿಸುವುದು ಸಾಧ್ಯವೇ ಇಲ್ಲ. ಬುಲ್ಸ್‌ಐ, ಯುನೀಕ್ ಎಂಬ ಮದ್ದುಗಳೆರಡೂ ಬೂದು ಬಣ್ಣದ ಚಪ್ಪಟೆ ಚೂರುಗಳು, ಆದರೆ ಬುಲ್ಸ್‌ಐ ಹೆಚ್ಚು ವೇಗವಾಗಿ ಉರಿಯುತ್ತದೆ. ನಿಧಾನವಾಗಿ ಉರಿಯುವ ಮದ್ದಿನ ಅಳತೆಯಲ್ಲಿ ವೇಗದ ಮದ್ದು ತುಂಬಿದರೆ ರಿವಾಲ್ವರಿನ ಸಿಲಿಂಡರೇ ಒಡೆದುಹೋಗಬಹುದು. ಹೆಸರು ಖಚಿತವಿಲ್ಲದ ಮದ್ದಿಗೆ ಲೋಡ್ ಡೇಟಾ ಇಲ್ಲ.

ಸೀಲು ಗಟ್ಟಿಯಿದ್ದರೆ ಚೀಟಿಯೇ ಕಾಲ ಹೇಳುತ್ತದೆ. ಕಂಪನಿಯ ವಿಳಾಸದಲ್ಲಿ ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಇದ್ದರೆ ಅದು 1963ರ ನಂತರದ್ದು. ಹರ್ಕ್ಯುಲಿಸ್ ಎಂಬ ಕಂಪನಿ ಹೆಸರಿದ್ದರೆ, ಆ ಮದ್ದುಗಳು 1995ರಿಂದ ಅಲಯಂಟ್ ಹೆಸರಿನಲ್ಲಿ ಬರುತ್ತಿವೆ. ವಿಂಚೆಸ್ಟರ್ 231 ಮತ್ತು ಹಾಜ್‌ಡನ್ ಎಚ್‌ಪಿ-38 ಒಂದೇ ಮದ್ದು. ವಿಂಚೆಸ್ಟರ್ 296 ಮತ್ತು ಹಾಜ್‌ಡನ್ ಎಚ್110 ಕೂಡ ಹಾಗೆಯೇ. ಬರೀ ಅಂಕಿ ನಂಬಬೇಡಿ: ಆಲ್ಕನ್ ಎಎಲ್-5 ಬೇರೆ, ಅಕ್ಯುರೇಟ್ ನಂ. 5 ಬೇರೆ.

ತಯಾರಿಕೆ ನಿಂತ ಮದ್ದಿಗೆ ಆ ಕಾಲದ ಕಂಪನಿ ಕೈಪಿಡಿಯನ್ನೇ ಹುಡುಕಬೇಕು. ಈಗಲೂ ಬರುವ ಮದ್ದಾದರೆ ಇಂದಿನ ಪಟ್ಟಿ ಮೇಲು. ಹಳೆಯ ಕೈಪಿಡಿಗಳು ಒತ್ತಡವನ್ನು ತಾಮ್ರದ ತುಂಡು ಜಜ್ಜಿದ ಲೆಕ್ಕದಲ್ಲಿ, ಅಂದರೆ ಸಿಯುಪಿಯಲ್ಲಿ ಕೊಡುತ್ತವೆ. ಅದನ್ನು ಪಿಎಸ್‌ಐಗೆ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕಕ್ಕೆ) ಬದಲಿಸುವ ನೇರ ಸೂತ್ರವಿಲ್ಲ. ಯಾವ ಮದ್ದು ಹೆಚ್ಚು ವೇಗವಾಗಿ ಉರಿಯುತ್ತದೆ ಎಂಬ ಬರ್ನ್ ರೇಟ್ ಪಟ್ಟಿ ಬರೀ ಕ್ರಮ ಹೇಳುತ್ತದೆ. ಆ ಪಟ್ಟಿಯಲ್ಲಿ ಪಕ್ಕದಲ್ಲಿರುವ ಮದ್ದಿನ ಅಳತೆಯನ್ನು ಇದಕ್ಕೆ ಹಾಕಲಾಗದು. ಸಾಮಾನ್ಯವಾಗಿ ಗರಿಷ್ಠಕ್ಕಿಂತ ಶೇ. 10 ಕಡಿಮೆಯಿಂದ ಶುರುಮಾಡಿ ಮೇಲೇರುತ್ತಾರೆ. ಎಚ್110ಗೆ ಮಾತ್ರ ಈ ರೂಢಿ ಸಲ್ಲದು: ಗರಿಷ್ಠಕ್ಕಿಂತ ಶೇ. 3ಕ್ಕೂ ಹೆಚ್ಚು ಇಳಿಸಬಾರದು ಎಂದು ಕಂಪನಿಯೇ ಹೇಳುತ್ತದೆ. ತೀರಾ ಕಡಿಮೆಯಾದರೆ ಉರಿ ಸರಿಯಾಗಿ ಹತ್ತದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಬಿರಿಯಬಹುದು.

ಹೆಸರು ಖಚಿತವಾದರೂ ಮದ್ದು ಕೆಟ್ಟಿರಬಹುದು. ಮದ್ದಿನ ಮುಖ್ಯ ವಸ್ತುವಾದ ನೈಟ್ರೋಸೆಲ್ಯುಲೋಸ್ ವರ್ಷಗಳ ಮೇಲೆ ನಿಧಾನವಾಗಿ ಒಡೆಯುತ್ತದೆ. ಹಾಗೆ ಹೊರಬರುವ ಆಮ್ಲವನ್ನು ಹಿಡಿದಿಡಲು ಡೈಫಿನೈಲಮೈನ್‌ನಂಥ ಸ್ಥಿರಕಾರಿ ಬೆರೆಸಿರುತ್ತಾರೆ. ಅದು ಮುಗಿದ ಮೇಲೆ ಹುಳಿ, ಘಾಟು ವಾಸನೆ, ಕೆಂಪು ಪುಡಿ, ಡಬ್ಬಿಯ ಒಳಗೆ ತುಕ್ಕು, ಕಂದು ಹೊಗೆ ಕಾಣುತ್ತವೆ. ಇವುಗಳಲ್ಲಿ ಒಂದು ಕಂಡರೂ ಬಳಸಬೇಡಿ. ಶಾಖ ಹೆಚ್ಚಿ ತಾನೇ ಹೊತ್ತಿಕೊಳ್ಳಬಹುದು. ಒಳ್ಳೆಯ ಮದ್ದಿಗೆ ಬೆರೆಸಿ ಮುಗಿಸುವ ಯೋಚನೆಯೂ ಬೇಡ.

ಬೇಡವಾದ ಮದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಎಂದಿಗೂ ಸುಡಬಾರದು. ಸ್ಥಳೀಯ ನಿಯಮ ಒಪ್ಪಿದರೆ ಮನೆ, ಒಣಹುಲ್ಲಿನಿಂದ ದೂರದ ಬಯಲಿನಲ್ಲಿ ಒಂದು ಅಂಗುಲ ಮೀರದಂತೆ ತೆಳ್ಳಗೆ ಹರಡಿ, ದೂರ ಸರಿಯಲು ಸಮಯ ಸಿಗುವಂತೆ ನಿಧಾನವಾಗಿ ಉರಿಯುವ ಕಾಗದದ ಸಾಲಿನಿಂದ ಹಚ್ಚುತ್ತಾರೆ. ಇಲ್ಲದಿದ್ದರೆ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಕೇಳಬೇಕು.