ಶ್ರುತಿ ತಪ್ಪಿದೆ ಎಂದವರ ಕಿವಿ

ರಾಯಚೂರಿನಲ್ಲಿ ಪಿಟೀಲು ಕಲಿಸುವ ನಾನು ತಿಂಗಳಿಗೊಮ್ಮೆ ಪಾಠದ ಕೋಣೆಯಲ್ಲಿ ಜಮಖಾನೆ ಹಾಸಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹೊಸ ಪಿಟೀಲು ಕಾನ್ಚೆರ್ಟೊಗಳ ಧ್ವನಿಮುದ್ರಣವನ್ನು ಕೇಳಿಸುತ್ತೇನೆ. ಕಾನ್ಚೆರ್ಟೊ ಎಂದರೆ ಒಂದು ವಾದ್ಯವು ಇಡೀ ವಾದ್ಯವೃಂದದ ಎದುರು ನಿಂತು ನುಡಿಯುವ ದೀರ್ಘ ಕೃತಿ. ವಿದ್ಯಾರ್ಥಿಗಳು, ಅವರನ್ನು ಕರೆತರುವ ತಂದೆತಾಯಿ, ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ ಮಾಡುವವರೊಬ್ಬರು, ಬಯಲಾಟಗಳಿಗೆ ಹಾರ್ಮೋನಿಯಂ ನುಡಿಸಿ ಈಗ ವಿಶ್ರಾಂತರಾಗಿರುವ ಒಬ್ಬ ಹಿರಿಯರು ಬರುತ್ತಾರೆ. ಕೇಳಿ ಮುಗಿದ ಮೇಲೆ ಬರುವ ಮೊದಲ ಮಾತು ಬಹುತೇಕ ಒಂದೇ: ‘ಏನೂ ತಿಳೀಲಿಲ್ರಿ ಸರ.’ ಅದನ್ನು ನಾನು ಬಹಳ ವರ್ಷ ಕೃತಿಯ ಬಗೆಗಿನ ತೀರ್ಪೆಂದೇ ತಿಳಿದಿದ್ದೆ. ಈಗ ಹಾಗೆ ತಿಳಿಯುವುದಿಲ್ಲ. ಏಕೆಂದರೆ ಆ ಮಾತಿನ ಹಿಂದೆ ಬಹಳ ಸೂಕ್ಷ್ಮವಾದ ಕೇಳ್ಮೆ ಅಡಗಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ನಮ್ಮ ಸಂಗೀತದ ಬೈಠಕ್ಕುಗಳಲ್ಲಿ ಕೇಳುಗನು ಸುಮ್ಮನೆ ಕೂಡುವವನಲ್ಲ. ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಾಗ ತಲೆದೂಗುತ್ತಾನೆ, ತೊಡೆಯ ಮೇಲೆ ತಾಳ ಹಾಕುತ್ತಾನೆ, ಸ್ವರವೊಂದು ನಿಂತಲ್ಲಿ ‘ವಾಹ್’ ಎನ್ನುತ್ತಾನೆ. ಅವನ ಅಭಿಪ್ರಾಯವು ಸಂಗೀತದ ಜೊತೆಜೊತೆಗೇ ಖರ್ಚಾಗುತ್ತಾ ಹೋಗುತ್ತದೆ. ಕಾನ್ಚೆರ್ಟೊ ಎಂದರೆ ಒಂದು ವಾದ್ಯವು ಇಡೀ ವಾದ್ಯವೃಂದದ ಎದುರು ನಿಂತು ನುಡಿಯುವ ದೀರ್ಘ ಕೃತಿ. ಆದರೆ ಕಾನ್ಚೆರ್ಟೊದ ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವುದು ಇಂದಿನ ಸಭೆಗಳ ರೂಢಿ. ಅರ್ಧ ಗಂಟೆ ತಡೆದುಕೊಂಡ ಪ್ರತಿಕ್ರಿಯೆಯೆಲ್ಲ ಕೊನೆಗೆ ಒಂದೇ ಮಾತಾಗಿ ಹೊರಬರಬೇಕಾದಾಗ ಅದು ‘ತಿಳೀಲಿಲ್ಲ’ ಎಂದೇ ಆಗುತ್ತದೆ. ಆದ್ದರಿಂದ ‘ಹ್ಯಾಂಗಿತ್ತು?’ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಎಲ್ಲಿ ಕಿವಿ ಎದ್ದು ಕೂತಿತು, ಎಲ್ಲಿ ಕೈ ತಾಳ ಬಿಟ್ಟಿತು ಎಂದು ಕೇಳುತ್ತೇನೆ.

ಆಲ್ಬನ್ ಬರ್ಗ್ 1935ರಲ್ಲಿ ರಚಿಸಿದ ಪಿಟೀಲು ಕಾನ್ಚೆರ್ಟೊ ತೊಂಬತ್ತು ವರ್ಷ ದಾಟಿದರೂ ನಮ್ಮ ಕೋಣೆಯಲ್ಲಿ ಇವತ್ತಿನದೆಂಬಂತೆಯೇ ಕೇಳಿಸುತ್ತದೆ. ಅದು ಆರಂಭವಾಗಿ ಕೆಲವೇ ಕ್ಷಣಗಳಾಗಿದ್ದವು. ಎರಡನೆಯ ವರ್ಷದ ಹುಡುಗನೊಬ್ಬ ಮೆಲ್ಲಗೆ, ‘ಗುರುಗಳ, ಇನ್ನಾ ಶ್ರುತಿ ಮಾಡಾಕತ್ತಾರ್ರಿ. ಸಣ್ಣ ತಂತಿ ಎರಡೂ ಒಂದೊಂದು ಸ್ವರ ಏರ್ಯಾವ್ರಿ’ ಎಂದನು. ಪಕ್ಕದವರು ನಕ್ಕರು, ಆದರೆ ಅವನ ಮಾತು ಅಕ್ಷರಶಃ ನಿಜವಾಗಿತ್ತು. ಬರ್ಗ್‌ನ ಪಿಟೀಲು ಮೊದಲು ಬಾಯಿ ತೆರೆಯುವುದೇ ಬೆರಳಿಡದ ನಾಲ್ಕು ಬಿಡಿ ತಂತಿಗಳಲ್ಲಿ. ನಾವು ಆ ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸುತ್ತೇವೆ. ಪಾಶ್ಚಾತ್ಯರಲ್ಲಿ ಪ್ರತಿ ತಂತಿಯೂ ಹಿಂದಿನದಕ್ಕೆ ಪಂಚಮವಾಗಿರುವುದರಿಂದ ನಮ್ಮ ಕಿವಿಗೆ ಅದು ಸ-ಪ-ರಿ-ದ ಎಂದು ಕೇಳುತ್ತದೆ. ಸಣ್ಣ ತಂತಿಗಳೆರಡೂ ಒಂದೊಂದು ಸ್ವರ ಮೇಲಿರುವುದು ಅವುಗಳ ಕ್ರಮವೇ. ಸ್ವರಲಿಪಿಯನ್ನು ಕಾಣದ ಹುಡುಗ, ದಿನವೂ ಬಿರಡೆ ತಿರುವಿದ ಕೈಯ ಬಲದಿಂದಲೇ, ಕೃತಿಯ ಬೀಜವನ್ನು ಹಿಡಿದಿದ್ದನು.

ಬರ್ಗ್ ಸಪ್ತಕದ ಹನ್ನೆರಡೂ ಸ್ವರಸ್ಥಾನಗಳನ್ನು ಒಂದು ಸಾಲಿನಲ್ಲಿ ಜೋಡಿಸಿಕೊಂಡು ಅದರ ಮೇಲೆ ಇಡೀ ಕೃತಿಯನ್ನು ಕಟ್ಟಿದನು. ಆ ಸಾಲಿನ ಒಂದು, ಮೂರು, ಐದು, ಏಳನೆಯ ಸ್ವರಗಳು ಇದೇ ಬಿಡಿ ತಂತಿಗಳವು. ಎಲ್ಲ ಸ್ವರಗಳಿಗೂ ಸಮಾನ ಸ್ಥಾನವಿದ್ದಾಗ ಯಾವುದೂ ಷಡ್ಜವಾಗಿ, ಅಂದರೆ ಆಧಾರದ ‘ಸಾ’ ಆಗಿ, ನೆಲೆನಿಲ್ಲುವುದಿಲ್ಲ. ತಂಬೂರಿಯ ನೆರಳಿನಲ್ಲಿ ಬೆಳೆದ ನಮ್ಮವರು ತಿಳಿಯಲಿಲ್ಲ ಎಂದಾಗ, ನನಗೆ ತಿಳಿದ ಮಟ್ಟಿಗೆ, ‘ನನ್ನ ಸಾ ಎಲ್ಲಿ?’ ಎಂದೇ ಕೇಳುತ್ತಿರುತ್ತಾರೆ. ಕೊನೆಯ ಭಾಗದಲ್ಲಿ ಹದಿನೆಂಟನೆಯ ಶತಮಾನದ ಸಂಗೀತಕಾರ ಬಾಖ್ ಹಲವು ಸ್ವರಗಳು ಒಟ್ಟಿಗೆ ನುಡಿಯುವಂತೆ ಹೊಂದಿಸಿದ್ದ ಪ್ರಾರ್ಥನಾಗೀತೆಯೊಂದನ್ನು ಕ್ಲಾರಿನೆಟ್‌ಗಳು ನುಡಿಸುತ್ತವೆ. ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದ ಹತ್ತಿ ವ್ಯಾಪಾರಿಗಳು, ‘ಈಗ ಭಜನಿ ಬಂತ್ರಿ’ ಎಂದರು. ಹದಿನೆಂಟನೆಯ ವಯಸ್ಸಿಗೆ ಪೋಲಿಯೊದಿಂದ ತೀರಿಕೊಂಡ ಮನೋನ್ ಗ್ರೋಪಿಯಸ್ ಎಂಬ ಹುಡುಗಿಯ ನೆನಪಿಗೆ ಈ ಕೃತಿ ಅರ್ಪಿತವಾದದ್ದು ಎಂಬುದನ್ನು ನಾನು ಆಗ ಹೇಳಿದೆ. ಬರ್ಗ್ ಕೂಡ ಅದೇ ವರ್ಷದ ಡಿಸೆಂಬರ್ 24ರಂದು ತೀರಿಕೊಂಡನು. ಕೃತಿಯ ಮೊದಲ ಪ್ರಯೋಗ 1936ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದಲ್ಲಿ ನಡೆಯಿತು. ಈ ಸಂಗತಿಗಳನ್ನು ಮೊದಲೇ ಹೇಳಿದ್ದರೆ ಅವರು ದುಃಖವನ್ನು ಹುಡುಕುತ್ತಾ ಕೂಡುತ್ತಿದ್ದರೇ ಹೊರತು ಭಜನೆಯನ್ನು ತಾವಾಗಿ ಕಂಡುಕೊಳ್ಳುತ್ತಿರಲಿಲ್ಲ. ಕತೆಯನ್ನು ನಂತರ ಹೇಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕೇಳ್ಮೆಯ ಬೇಸರ ಹೊಸದೇನಲ್ಲ. ಬೀಥೋವನ್‌ನ ಪಿಟೀಲು ಕಾನ್ಚೆರ್ಟೊ 1806ರಲ್ಲಿ ವಿಯೆನ್ನಾದಲ್ಲಿ ಪ್ರಯೋಗವಾದ ಮೇಲೆ ಬಹುಕಾಲ ಮೂಲೆಗೆ ಸರಿದಿತ್ತು. 1844ರಲ್ಲಿ ಹನ್ನೆರಡು ವರ್ಷದ ಪಿಟೀಲುವಾದಕ ಯೋಆಖಿಮ್ ಲಂಡನ್ನಿನಲ್ಲಿ ನುಡಿಸಿದ ಮೇಲೆ ಅದಕ್ಕೆ ಜೀವ ಬಂದಿತು. ಆದರೆ ಈ ಇತಿಹಾಸವನ್ನು ಮುಂದೊಡ್ಡಿ ಕೇಳುಗರ ಬಾಯಿ ಮುಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ. ಅವರ ಆಕ್ಷೇಪಣೆಯನ್ನೇ ಕೈದೀಪ ಮಾಡಿಕೊಂಡು ಕೃತಿಯೊಳಗೆ ಹೋಗಬಹುದು.

ಲಿಗೆಟಿ ಎಂಬ ಸಂಗೀತ ರಚನಕಾರನ ಪಿಟೀಲು ಕಾನ್ಚೆರ್ಟೊ ಇದಕ್ಕೆ ಒಳ್ಳೆಯ ನಿದರ್ಶನ. 1990ರಲ್ಲಿ ಮೂರು ಭಾಗಗಳಲ್ಲಿ ಮೊದಲು ಕೇಳಿಬಂದು, 1992ರಲ್ಲಿ ಐದು ಭಾಗಗಳಾಗಿ ಪರಿಷ್ಕೃತವಾದ ಕೃತಿಯದು. ಅದರ ಎರಡನೆಯ ಭಾಗದಲ್ಲಿ ಓಕರೀನಾ ಎಂಬ, ಮಣ್ಣಿನಿಂದ ಮಾಡುವ ಊದುವಾದ್ಯಗಳು ಸೇರಿ ನುಡಿಯುವ ಕಡೆ ಹಾರ್ಮೋನಿಯಂ ಹಿರಿಯರು ಕೈಯೆತ್ತಿ, ‘ಶ್ರುತಿ ಕೂಡಿಲ್ಲಲ್ರಿ ಸರ’ ಎಂದರು. ಕೂಡಿಲ್ಲ, ನಿಜ. ಲಿಗೆಟಿಗೆ ಬೇಕಾದದ್ದೂ ಅದೇ. ವಾದ್ಯವೃಂದದ ಒಂದು ಪಿಟೀಲನ್ನೂ ಪಿಟೀಲಿಗಿಂತ ತುಸು ದೊಡ್ಡದಾದ ಒಂದು ವಿಯೋಲವನ್ನೂ ಅವನು ಉಳಿದವುಗಳಿಗಿಂತ ಬೇರೆ ಶ್ರುತಿಗೆ, ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ತಂತಿಯಿಂದ ಸಹಜವಾಗಿ ಏಳುವ ಉಪಸ್ವರಗಳಿಗೆ, ಕೂಡಿಸಿದ್ದಾನೆ. ಬೆರಳನ್ನು ಒತ್ತದೆ ತಂತಿಗೆ ಸೋಕಿಸಿ ಕಮಾನು ಎಳೆದರೆ ಆ ಉಪಸ್ವರಗಳು ಕೇಳುತ್ತವೆ. ಅವುಗಳಲ್ಲಿ ಕೆಲವು ಹಾರ್ಮೋನಿಯಮ್ಮಿನ ಸಮನಾಗಿ ಹಂಚಿದ ಮನೆಗಳಿಗೆ, ಅಂದರೆ ಒತ್ತುಪಟ್ಟಿಗಳ ಸ್ವರಗಳಿಗೆ, ಹೊಂದುವುದೇ ಇಲ್ಲ. ನನ್ನ ಪಿಟೀಲಿನ ಮೇಲೆ ಅದನ್ನು ಮಾಡಿ ತೋರಿಸಿ, ಪಕ್ಕದಲ್ಲಿದ್ದ ಹಾರ್ಮೋನಿಯಂ ಪೇಟಿಯ ಮೇಲೆ ಅದಕ್ಕೆ ಹತ್ತಿರದ ಮನೆಯನ್ನು ಒತ್ತಲು ಅವರನ್ನು ಕೇಳಿಕೊಂಡೆ. ಒತ್ತಿದರು, ಎರಡೂ ಧ್ವನಿಗಳು ಒಂದನ್ನೊಂದು ಉಜ್ಜಿ ಕಂಪಿಸತೊಡಗಿದವು. ಅವರು ಒತ್ತಿದ ಬೆರಳನ್ನು ತೆಗೆಯದೆ ಬಹಳ ಹೊತ್ತು ಕಿವಿಗೊಟ್ಟರು.

‘ಹಾಡವರು ಈ ಪೇಟಿ ಮ್ಯಾಲ ಸಿಟ್ಟಾಗತಿದ್ದದ್ದು ಇದಕ್ಕೇರಿ,’ ಎಂದರು. ಆಮೇಲೆ ಬೆರಳು ತೆಗೆದು, ಆ ಮಣ್ಣಿನ ವಾದ್ಯಗಳ ಭಾಗವನ್ನು ಇನ್ನೊಮ್ಮೆ ಹಚ್ಚಲು ಹೇಳಿದರು.