ಮುಂದಿನ ಬ್ಲಾಕಿಗೆ ಪೂರ್ತಿ 30 ನ್ಯೂಟನ್ ಸಿಗುವುದಿಲ್ಲ

ಪ್ರಥಮ ಪಿಯುಸಿಯಲ್ಲಿ ಚಲನೆಯ ನಿಯಮಗಳ ಪಾಠ ಮುಗಿದ ವಾರ ಈ ಲೆಕ್ಕ ಕೊಟ್ಟು ನೋಡಿ. ಘರ್ಷಣೆಯೇ ಇಲ್ಲದ ನೆಲದ ಮೇಲೆ 6 ಕೆಜಿಯ ಬ್ಲಾಕ್ ‘ಎ’, ಅದಕ್ಕೆ ತಾಗಿಕೊಂಡು ಮುಂದೆ 4 ಕೆಜಿಯ ಬ್ಲಾಕ್ ‘ಬಿ’. ‘ಎ’ಯನ್ನು ಹಿಂದಿನಿಂದ 30 ನ್ಯೂಟನ್ ಬಲದಲ್ಲಿ ತಳ್ಳಿದರೆ ಎರಡರ ನಡುವಿನ ಸಂಪರ್ಕ ಬಲ ಎಷ್ಟು? ಬಹಳಷ್ಟು ಮಕ್ಕಳು ಯೋಚನೆಯೇ ಮಾಡದೆ 30 ಎಂದು ಬರೆಯುತ್ತಾರೆ. ಬರೆದು ಸುಮ್ಮನಿದ್ದರೂ ಆಗುತ್ತಿತ್ತು. ಪಕ್ಕದಲ್ಲಿ ‘ನ್ಯೂಟನ್ನನ ಮೂರನೇ ನಿಯಮದ ಪ್ರಕಾರ’ ಎಂದು ಸೇರಿಸುತ್ತಾರೆ. ಅದನ್ನು ಓದಿದಾಗ ಪತ್ರಿಕೆ ತಿದ್ದುವವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಆ ಉತ್ತರವನ್ನೇ ಹಿಡಿದು ಮುಂದೆ ಹೋಗೋಣ. ‘ಬಿ’ಗೆ 30 ನ್ಯೂಟನ್ ಸಿಕ್ಕಿದರೆ, ಅದೇ ಮೂರನೇ ನಿಯಮದ ಪ್ರಕಾರ ‘ಬಿ’ ಕೂಡ ‘ಎ’ಯನ್ನು 30 ನ್ಯೂಟನ್‌ನಿಂದ ಹಿಂದಕ್ಕೆ ಒತ್ತಬೇಕು. ‘ಎ’ ಮೇಲೆ ಮುಂದಕ್ಕೆ 30, ಹಿಂದಕ್ಕೆ 30. ಅದರ ವೇಗೋತ್ಕರ್ಷ ಸೊನ್ನೆ. ‘ಬಿ’ಯದ್ದು ಮಾತ್ರ 7.5 ಮೀಟರ್/ಸೆಕೆಂಡ್². ಅಂದರೆ ‘ಎ’ ನಿಂತಲ್ಲೇ ನಿಂತಿದೆ, ‘ಬಿ’ ಮುಂದಕ್ಕೆ ಹೊರಟುಹೋಯಿತು. ಬಿಟ್ಟುಹೋದ ಬ್ಲಾಕನ್ನು ಒತ್ತುತ್ತಿರುವವರು ಯಾರು?

ತಪ್ಪಿನ ಬೇರು ಒಂದೇ: ಬಲವನ್ನು ಕೈಯಿಂದ ಕೈಗೆ ದಾಟಿಸುವ ಪಾರ್ಸೆಲ್ ಎಂದುಕೊಳ್ಳುವುದು. ತಳ್ಳುವ ಕೈ ತಾಗಿರುವುದು ‘ಎ’ಗೆ. ಆದ್ದರಿಂದ 30 ನ್ಯೂಟನ್ ಇರುವುದು ‘ಎ’ ಮೇಲೆ ಮಾತ್ರ. ‘ಬಿ’ಗೆ ಆ ಕೈಯ ಪರಿಚಯವೇ ಇಲ್ಲ, ಅದನ್ನು ಅಡ್ಡಡ್ಡ ಮುಟ್ಟಿರುವುದು ‘ಎ’ ಒಂದೇ.

ಈಗ ‘ಬಿ’ಯೊಂದನ್ನೇ ಬಿಡಿಸಿ ಬರೆಯಿರಿ. ನಾವು ಎಫ್‌ಬಿಡಿ (ಫ್ರೀ ಬಾಡಿ ಡಯಾಗ್ರಾಮ್, ಒಂದೇ ವಸ್ತುವಿನ ಮೇಲಿರುವ ಬಲಗಳ ಚಿತ್ರ) ಎಂದು ಬಡಕೊಳ್ಳುವುದು ಇದಕ್ಕೇ. ಎರಡೂ ಜೊತೆಯಾಗಿ ಹೋಗುತ್ತಿವೆ ಎಂದಾದರೆ ಒಟ್ಟು 10 ಕೆಜಿಗೆ 30 ನ್ಯೂಟನ್, ವೇಗೋತ್ಕರ್ಷ 3. 4 ಕೆಜಿಯ ‘ಬಿ’ 3ರ ವೇಗೋತ್ಕರ್ಷದಲ್ಲಿ ಹೋಗಬೇಕಾದರೆ ಅದಕ್ಕೆ ಬೇಕಾದ್ದು 12 ನ್ಯೂಟನ್. ಸಂಪರ್ಕ ಬಲ ಅಷ್ಟೇ. ತಾಳೆ ನೋಡುವುದಕ್ಕೆ ‘ಎ’ಯನ್ನೂ ಬಿಡಿಸಿ: 30ರಲ್ಲಿ 12 ಕಳೆದರೆ 18, ಅದು 6 ಗುಣಿಸು 3. ಈ ಎರಡನೇ ಸಾಲನ್ನು ಬರೆಯುವ ಅಭ್ಯಾಸವಿದ್ದರೆ ಅರ್ಧ ತಪ್ಪುಗಳು ಪರೀಕ್ಷಾ ಕೊಠಡಿಯಲ್ಲೇ ಸಿಕ್ಕಿಬೀಳುತ್ತವೆ, ಆದರೆ ಬರೆಯುವವರು ಕಡಿಮೆ.

ಈಗ ಅದೇ 30 ನ್ಯೂಟನ್ನನ್ನು ‘ಬಿ’ ಕಡೆಯಿಂದ ಹಚ್ಚಿ. ವೇಗೋತ್ಕರ್ಷ ಆಗಲೂ 3, ಸಂಪರ್ಕ ಬಲ ಮಾತ್ರ 18. ಬ್ಲಾಕುಗಳು ಅವೇ, ಬಲವೂ ಅದೇ, ಉತ್ತರ ಬೇರೆ. ಮಕ್ಕಳು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಲಿ. ಸಂಪರ್ಕ ಬಲಕ್ಕೆ ತನ್ನದೇ ಆದ ಸೂತ್ರವಿಲ್ಲ ಎನ್ನುವುದು ತಲೆಗೆ ಹೋಗುವುದು ಆಗಲೇ. ಗುರುತ್ವಕ್ಕೆ ಸೂತ್ರವಿದೆ, ಸ್ಪ್ರಿಂಗಿಗೆ ಇದೆ. ಸಂಪರ್ಕ ಬಲಕ್ಕೆ ಇರುವುದು ಕೆಲಸ ಮಾತ್ರ: ಒಂದರೊಳಗೊಂದು ತೂರದಂತೆ ತಡೆಯುವುದು. ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟಾಗುತ್ತದೆ.

‘ಎಷ್ಟು ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ ಸರ್?’ ಎಂದು ಕೇಳುವ ಹುಡುಗಿಯೊಬ್ಬಳು ಪ್ರತಿ ತರಗತಿಯಲ್ಲೂ ಇರುತ್ತಾಳೆ. ಸಿಲಬಸ್ ಮುಗಿಸುವ ಅವಸರದಲ್ಲಿ ಅವಳನ್ನು ಕೂರಿಸಬಾರದು. ಕೈ ತಳ್ಳಿದ ಕ್ಷಣ ‘ಎ’ ಕೂದಲೆಳೆಯಷ್ಟೂ ಅಲ್ಲದ ಅಂತರ ಮುಂದೆ ಸರಿಯುತ್ತದೆ, ತಾಗಿದ ಮೈಗಳು ಚೂರು ಅಮುಕಿಕೊಳ್ಳುತ್ತವೆ, ಅಲ್ಲಿನ ಅಣುಗಳು ಒಂದನ್ನೊಂದು ನೂಕುತ್ತವೆ. ಅಮುಕಿದಷ್ಟೂ ನೂಕು ಹೆಚ್ಚುತ್ತದೆ. ‘ಬಿ’ಯ ವೇಗೋತ್ಕರ್ಷ ‘ಎ’ಯದ್ದಕ್ಕೆ ಸಮವಾಗುವಲ್ಲಿಗೆ ಅಮುಕುವಿಕೆ ನೆಲೆನಿಲ್ಲುತ್ತದೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. 10 ಸೆಂಟಿಮೀಟರ್ ಉದ್ದದ ಉಕ್ಕಿನ ಬ್ಲಾಕಿನ ಹಿಂದೆ ತಳ್ಳಿದ್ದು ಮುಂದಿನ ಮೈಗೆ ತಿಳಿಯುವುದಕ್ಕೆ ಸುಮಾರು 20 ಮೈಕ್ರೋಸೆಕೆಂಡ್. ಒತ್ತಡದ ಅಲೆ ಕೆಲವು ಸಲ ಹೋಗಿ ಬಂದು ಎಲ್ಲ ತಣ್ಣಗಾದ ಮೇಲಿನ ಸ್ಥಿತಿಯನ್ನೇ ನಾವು ಲೆಕ್ಕದಲ್ಲಿ ಹಿಡಿಯುವುದು. ಸುತ್ತಿಗೆಯ ಪೆಟ್ಟಿಗೆ ಈ ಲೆಕ್ಕ ಹಚ್ಚಬೇಡಿ.

ಮೂರು ಬ್ಲಾಕುಗಳಾದರೂ ದಾರಿ ಅದೇ. 2, 3, 5 ಕೆಜಿ, 2 ಕೆಜಿಯ ಹಿಂದಿನಿಂದ 40 ನ್ಯೂಟನ್, ವೇಗೋತ್ಕರ್ಷ 4. ಮೊದಲ ಜೋಡಣೆಯಲ್ಲಿ 32, ಎರಡನೆಯದರಲ್ಲಿ 20. ಯಾವ ಜಾಗದ ಬಲ ಬೇಕೋ ಅದರ ಮುಂದಿರುವುದನ್ನೆಲ್ಲ ಒಂದೇ ವಸ್ತು ಎಂದು ಹಿಡಿಯಿರಿ.

ಇಷ್ಟಾದ ಮೇಲೆ ಕೋಚಿಂಗ್ ನೋಟ್ಸಿನ ಶಾರ್ಟ್‌ಕಟ್ ಬರುತ್ತದೆ: ಮುಂದಿನ ದ್ರವ್ಯರಾಶಿಯನ್ನು ಒಟ್ಟು ದ್ರವ್ಯರಾಶಿಯಿಂದ ಭಾಗಿಸಿ ಬಲದಿಂದ ಗುಣಿಸು. ತಪ್ಪೇನಲ್ಲ. ನೆಲಕ್ಕೆ ಘರ್ಷಣೆಯಿದ್ದು ಎರಡು ಬ್ಲಾಕಿಗೂ ಘರ್ಷಣಾ ಗುಣಾಂಕ ಒಂದೇ ಆಗಿದ್ದರೂ, ಜಾರುತ್ತಿರುವವರೆಗೆ, ಅದು ನಡೆಯುತ್ತದೆ. ಗುಣಾಂಕ 0.2, ಗುರುತ್ವ 10 ಎಂದಿಟ್ಟುಕೊಂಡರೆ ಒಟ್ಟು ಘರ್ಷಣೆ 20, ವೇಗೋತ್ಕರ್ಷ 1. ‘ಬಿ’ಗೆ ಓಡಲು 4, ಘರ್ಷಣೆ ಮೀರಲು 8, ಮತ್ತೆ 12. ಗುಣಾಂಕಗಳು ಬೇರೆಯಾದ ಕೂಡಲೇ ಶಾರ್ಟ್‌ಕಟ್ ಕೈಕೊಡುತ್ತದೆ. ‘ಎ’ಗೆ 0.1, ‘ಬಿ’ಗೆ 0.3 ಆದರೆ ಸಂಪರ್ಕ ಬಲ 16.8. ಅದಲುಬದಲು ಮಾಡಿದರೆ 7.2. ಎರಡು ಕಡೆಯೂ 12 ಎಂದು ಗುರುತು ಹಾಕಿ ಬರುವವರು ಇದ್ದಾರೆ.

ಇನ್ನೂ ಕಿರಿಕಿರಿಯ ಪ್ರಶ್ನೆ ಬ್ಲಾಕುಗಳು ಅಲುಗದೇ ಇದ್ದಾಗಿನದು. ಗುಣಾಂಕ 0.2 ಇರುವ ಅದೇ ನೆಲದಲ್ಲಿ ತಳ್ಳುವುದು 15 ನ್ಯೂಟನ್ ಮಾತ್ರ ಎನ್ನಿ. ‘ಎ’ ಕೆಳಗಿನ ಘರ್ಷಣೆ 12ರವರೆಗೆ, ‘ಬಿ’ ಕೆಳಗಿನದು 8ರವರೆಗೆ ತಡೆಯಬಲ್ಲದು. ಒಟ್ಟು 20, ಹಾಗಾಗಿ ಏನೂ ಚಲಿಸದು. ನಡುವಿನ ಬಲ? ಪುಸ್ತಕಗಳು ಸಾಮಾನ್ಯವಾಗಿ 3 ಎನ್ನುತ್ತವೆ: ಮೊದಲು ‘ಎ’ಯ 12 ಪೂರ್ತಿ ಬಳಕೆಯಾಗಿ, ಉಳಿದದ್ದು ‘ಬಿ’ಗೆ. ಬ್ಲಾಕುಗಳನ್ನು ಬಿಗಿಯದೆ ಸುಮ್ಮನೆ ತಾಗಿಸಿಟ್ಟು, ಮೆಲ್ಲಗೆ ಬಲ ಏರಿಸಿದರೆ ಇದು ಒಪ್ಪುವ ಉತ್ತರ. ಆದರೆ ಇಡುವಾಗಲೇ ಒಂದಕ್ಕೊಂದು ಒತ್ತಿ ಇಟ್ಟಿದ್ದರೆ 3ರಿಂದ 8ರವರೆಗೆ ಯಾವ ಬೆಲೆಯೂ ನಿಯಮಕ್ಕೆ ವಿರುದ್ಧವಲ್ಲ. ಪರೀಕ್ಷೆಯಲ್ಲಿ 3 ಎಂದೇ ಬರೆಯಿರಿ. ಆದರೆ ಪ್ರಶ್ನೆ ಮಾಡುವವರು ಬ್ಲಾಕು ಹೇಗೆ ಇಟ್ಟರೆಂದು ಒಂದು ಸಾಲು ಸೇರಿಸಿದರೆ ಅವರ ಗಂಟೇನೂ ಹೋಗುವುದಿಲ್ಲ.

ಉತ್ತರ ಋಣವಾಗಿ ಬಂದರೆ ಮೈನಸ್ ಅಳಿಸುವವರ ಕತೆ ಬೇರೆ. 37 ಡಿಗ್ರಿ ಇಳಿಜಾರು, ಮೇಲೆ 4 ಕೆಜಿ, ಕೆಳಗೆ 6 ಕೆಜಿ, ಎರಡೂ ತಾಗಿಕೊಂಡು ಜಾರುತ್ತಿವೆ. ಮೇಲಿನದರ ಗುಣಾಂಕ 0.2, ಕೆಳಗಿನದರದ್ದು 0.4 ಆದರೆ ಸಂಪರ್ಕ ಬಲ 3.84 ನ್ಯೂಟನ್. ಗುಣಾಂಕಗಳನ್ನು ಅದಲುಬದಲು ಮಾಡಿದರೆ ಲೆಕ್ಕ ಕೊಡುವುದು ಮೈನಸ್ 3.84. ಅದು ಕೂಡಿಸುವಾಗಿನ ಎಡವಟ್ಟಲ್ಲ. ಜೊತೆಯಲ್ಲಿರಬೇಕಾದರೆ ಮೇಲಿನ ಬ್ಲಾಕ್ ಕೆಳಗಿನದನ್ನು ಎಳೆದು ಹಿಡಿಯಬೇಕು ಎನ್ನುತ್ತಿದೆ ಲೆಕ್ಕ. ಗೋಂದಿಲ್ಲದ ಬ್ಲಾಕು ಎಳೆಯಲಾರದು. ಅವು ಬೇರೆಯಾಗಿವೆ, ಸಂಪರ್ಕ ಬಲ ಸೊನ್ನೆ, ವೇಗೋತ್ಕರ್ಷಗಳು 2.8 ಮತ್ತು 4.4, ‘ಜೊತೆಯಾಗಿ ಹೋಗುತ್ತವೆ’ ಎಂದು ನಾವು ಮೊದಲು ಹಿಡಿದದ್ದೇ ಸುಳ್ಳು.

ರೈಲಿನ ಬೋಗಿಗಳನ್ನು ಜೋಡಿಸುವ ಕಪ್ಲಿಂಗಿಗೆ ಈ ಬಡತನವಿಲ್ಲ, ಅದು ಎಳೆಯಲೂ ಬಲ್ಲದು, ಒತ್ತಲೂ ಬಲ್ಲದು. ಗೋವಾದ ಕುಲೇಮ್‌ನಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ಘಾಟಿಯಲ್ಲಿ ಏರು 37ಕ್ಕೆ 1. ಬೋಗಿಗಳ ತೂಕ 1,000 ಟನ್ ಎಂದುಕೊಂಡರೆ, ಒಂದೇ ವೇಗದಲ್ಲಿ ಹತ್ತುವಾಗ, ಹಳಿ–ಗಾಳಿಯ ಪ್ರತಿರೋಧ ಬಿಟ್ಟು, ಗುರುತ್ವವೊಂದಕ್ಕೇ ಸುಮಾರು 2,70,000 ನ್ಯೂಟನ್ ಬೇಕು. ಎಲ್ಲವನ್ನೂ ಮುಂದಿನ ಇಂಜಿನ್ನೇ ಎಳೆದರೆ ಮೊದಲ ಕಪ್ಲಿಂಗ್ ಅಷ್ಟನ್ನೂ ಹೊರಬೇಕು. ಹಿಂದೆ ಬ್ಯಾಂಕರ್ ಇಂಜಿನ್ ಕೊಟ್ಟು ಅರ್ಧ ಬಲ ಅದರಿಂದ ತಳ್ಳಿಸಿದರೆ ಮೊದಲ ಕಪ್ಲಿಂಗಿಗೆ 1,35,000; ರೈಲಿನ ನಟ್ಟನಡುವೆ ಸೊನ್ನೆ; ಅಲ್ಲಿಂದ ಹಿಂದಕ್ಕೆ ಎಳೆತ ಹೋಗಿ ಒತ್ತು.

ಲಂಬದಲ್ಲೂ ಇದೇ ರೋಗ. 5 ಕೆಜಿಯ ಮೇಲೆ 3 ಕೆಜಿ ಇಟ್ಟು, ಲಿಫ್ಟ್ 2ರ ವೇಗೋತ್ಕರ್ಷದಲ್ಲಿ ಮೇಲೇರುತ್ತಿದ್ದರೆ, ಕೆಳಗಿನ ಬ್ಲಾಕಿನ ಚಿತ್ರದಲ್ಲಿ ‘ಮೇಲಿನದರ ತೂಕ 30’ ಎಂದು ಬಾಣ ಹಾಕುತ್ತಾರೆ. ಮೇಲಿನದರ ತೂಕ ಮೇಲಿನದರ ಮೇಲಿದೆ. ಕೆಳಗಿನದಕ್ಕೆ ತಾಗುವುದು ಸಂಪರ್ಕ ಬಲ, ಅದು 36. ಲಿಫ್ಟಿನ ನೆಲ ಒತ್ತುವುದು 96.

ಘರ್ಷಣೆಯೂ ಸಂಪರ್ಕ ಬಲವೇ, ಜಾರದೆ ಇರುವವರೆಗೆ ಅದೂ ಬೇಕಾದಷ್ಟೇ. ಮುಂದಕ್ಕೆ 25ರ ವೇಗೋತ್ಕರ್ಷದಲ್ಲಿ ಓಡುವ ಗಾಡಿಯ ಮುಂಭಾಗದ ನೆಟ್ಟನೆಯ ಮೈಗೆ 2 ಕೆಜಿಯ ಬ್ಲಾಕ್ ಬೀಳದೆ ಅಂಟಿ ನಿಂತಿದೆ, ಗುಣಾಂಕ 0.5. ನಾರ್ಮಲ್ (ಮೈಗೆ ಲಂಬವಾಗಿ ಒತ್ತುವ ಬಲ) 50, ಘರ್ಷಣೆಯ ಗರಿಷ್ಠ ಮಿತಿ 25. ಮಕ್ಕಳು ಘರ್ಷಣೆ 25 ಎಂದೇ ಬರೆಯುತ್ತಾರೆ. ತೂಕ 20 ಇರುವಾಗ ಬೇಕಾದ್ದೂ 20, ಸಿಗುವುದೂ 20. ನಿಜಕ್ಕೂ 25 ಸಿಕ್ಕಿದ್ದರೆ ಆ ಬ್ಲಾಕ್ ಯಾರೂ ಎತ್ತದೆಯೇ 2.5ರ ವೇಗೋತ್ಕರ್ಷದಲ್ಲಿ ಗಾಡಿಯ ಮೈ ಹತ್ತಿಕೊಂಡು ಹೋಗಬೇಕಾಗುತ್ತಿತ್ತು.