12 ಮೀಟರಿನ ಮನೆ ಕಾಗದದ ಮೇಲೆ 116 ಮಿಲಿಮೀಟರ್ ಯಾಕೆ?

ಓದುಗರ ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ಮನೆಗಳ ಪ್ಲ್ಯಾನ್ ಬಿಡಿಸುವ ಕೆಲಸ ನನ್ನದು. ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಬಳಸುತ್ತೇನೆ. ಈಗ ಮಾಡಿದ ಮನೆಯ ಉದ್ದ 12 ಮೀಟರ್. 1:100 ಎಂದು ಬರೆದು ಎ3 ಕಾಗದದಲ್ಲಿ ಪ್ರಿಂಟ್ ಹಾಕಿಸಿದೆ. ಸ್ಕೇಲ್ ಇಟ್ಟು ಅಳೆದರೆ 120 ಮಿ.ಮೀ. ಇರಬೇಕಾದಲ್ಲಿ 116 ಇದೆ. ಒಂದೇ ಅಳತೆಯ ಎರಡು ಕೋಣೆಗಳಲ್ಲಿ ಒಂದಕ್ಕೆ 3600 ಬರುತ್ತದೆ, ಇನ್ನೊಂದಕ್ಕೆ 360. ಲೇಔಟ್‌ನಲ್ಲಿ (ಪ್ರಿಂಟಿಗೆ ಹಾಳೆ ಜೋಡಿಸುವ ಪುಟ) ಹಾಕಿದ ಡೈಮೆನ್ಶನ್ (ಅಳತೆಯ ಗೆರೆ ಮತ್ತು ಅಂಕಿ) 36 ಅನ್ನುತ್ತದೆ. ಬೇರೆ ಫೈಲಿನಿಂದ ಒಂದು ಬಾಗಿಲು ತಂದರೆ ಅದು ಮನೆಗಿಂತ ದೊಡ್ಡದು! ಸಾಫ್ಟ್‌ವೇರ್ ಹಾಳಾಗಿದೆಯಾ? ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಉತ್ತರ: ಬೇಡ. ಸಾಫ್ಟ್‌ವೇರ್ ಸರಿಯಾಗಿಯೇ ಇದೆ. ನಿಮ್ಮ ಫೈಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ತೊಂದರೆಗಳು ಒಟ್ಟಿಗೆ ಕೂತಿವೆ, ಅಷ್ಟೇ. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದನ್ನು ಕೆಡಿಸುವುದು ಇಂಥ ಹೊತ್ತಿನಲ್ಲೇ.

ಅಳತೆ ತಪ್ಪಿದಾಗ ಹೆಚ್ಚಿನವರು ಕಣ್ಣಿಗೆ ಬಿದ್ದ ಸೆಟ್ಟಿಂಗನ್ನೆಲ್ಲ ಬದಲಾಯಿಸುತ್ತಾ ಹೋಗುತ್ತಾರೆ. ಅದಕ್ಕೆ ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ. ಬಂದ ಅಳತೆಯನ್ನು ಬರಬೇಕಾದ ಅಳತೆಯಿಂದ ಭಾಗಿಸಿ. ಎಷ್ಟು ಪಟ್ಟು ತಪ್ಪಿದೆ ಎಂದು ಗೊತ್ತಾದರೆ ಎಲ್ಲಿ ತಪ್ಪಿದೆ ಎಂಬುದೂ ಬಹುಮಟ್ಟಿಗೆ ಗೊತ್ತಾದ ಹಾಗೆ. 10 ಪಟ್ಟು ಅಂದರೆ ಸೆಂಟಿಮೀಟರ್ ಮತ್ತು ಮಿಲಿಮೀಟರ್ ಬೆರೆತಿದೆ. 25.4 ಪಟ್ಟು ಅಂದರೆ ಇಂಚು ನುಗ್ಗಿದೆ. 304.8 ಬಂದರೆ ಅಡಿ. ಸರಿಯಾಗಿ ನಿಮ್ಮ ಸ್ಕೇಲಿನಷ್ಟೇ, ಅಂದರೆ 50 ಅಥವಾ 100 ಪಟ್ಟು ತಪ್ಪಿದ್ದರೆ ಡೈಮೆನ್ಶನ್ ಮನೆಯನ್ನು ಬಿಟ್ಟು ಕಾಗದವನ್ನು ಅಳೆಯುತ್ತಿದೆ. 0.707 ಅಥವಾ 1.414 ಬಂದರೆ ಯಾರೋ ಕಾಗದದ ಅಳತೆ ಬದಲಾಯಿಸಿದ್ದಾರೆ. 1ಕ್ಕೆ ತೀರಾ ಹತ್ತಿರದ 0.94, 0.97ರಂಥ ಸಂಖ್ಯೆ ಬಂದರೆ ಮೊದಲ ಅನುಮಾನ ಪ್ರಿಂಟರ್ ಮೇಲೆ.

ನಿಮ್ಮದು 116 ಭಾಗಿಸು 120. ಸುಮಾರು 0.967. ಯಾವ ಯೂನಿಟ್ಟಿನ ಲೆಕ್ಕಕ್ಕೂ ಇದು ಹೊಂದುವುದಿಲ್ಲ. ಪ್ರಿಂಟ್ ಹಾಕುವಾಗ ಪಿಡಿಎಫ್ ರೀಡರ್‌ನಲ್ಲಿ 'ಫಿಟ್' ಆಯ್ಕೆಯಾಗಿತ್ತು ಎಂದೇ ಅರ್ಥ. ಸಾಮಾನ್ಯ ಪ್ರಿಂಟರ್ ಕಾಗದದ ಅಂಚಿನವರೆಗೆ ಶಾಯಿ ಹಾಕುವುದಿಲ್ಲ, ಸುತ್ತಲೂ ನಾಲ್ಕೈದು ಮಿಲಿಮೀಟರ್ ಬಿಡುತ್ತದೆ. ಫಿಟ್ ಅಂದ ಕೂಡಲೇ ಇಡೀ ಹಾಳೆಯನ್ನು ಆ ಅಂಚಿನ ಒಳಗೆ ಕೂರುವಷ್ಟು ಕುಗ್ಗಿಸುತ್ತದೆ. ಎ3 ಹಾಳೆಯ ಸಣ್ಣ ಬದಿ 297 ಮಿ.ಮೀ. ಅದರಲ್ಲಿ 10 ಹೋದರೆ 287. ಭಾಗಿಸಿ ನೋಡಿ, 0.966. ನಿಮ್ಮ ಹಾಳೆಯ ನಿಜವಾದ ಸ್ಕೇಲ್ ಈಗ ಹೆಚ್ಚುಕಡಿಮೆ 1:103. ಅಂಗಡಿಯಲ್ಲಿ 'ಆಕ್ಚುವಲ್ ಸೈಜ್' ಅಥವಾ 100% ಇಟ್ಟು ಹಾಕಿ ಎಂದು ಬಾಯಿಬಿಟ್ಟು ಹೇಳಿ. ಅವರು ದಿನವಿಡೀ ಆಧಾರ್ ಕಾರ್ಡ್, ಮದುವೆ ಕಾಗದ ಪ್ರಿಂಟ್ ಹಾಕುವವರು. ಫಿಟ್ ಇಡುವುದು ಅವರಿಗೆ ಅಭ್ಯಾಸ, ಅದರಲ್ಲಿ ತಪ್ಪೇನೂ ಇಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಲೇಔಟ್‌ನಲ್ಲಿ, ವ್ಯೂಪೋರ್ಟಿನ (ಹಾಳೆಯಲ್ಲಿ ಮನೆಯನ್ನು ಸ್ಕೇಲಿಗೆ ಇಳಿಸಿ ತೋರಿಸುವ ಕಿಟಕಿ) ಹೊರಗೆ, ಹಾಳೆಯ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಗೆರೆ ಎಳೆಯಿರಿ. ಪ್ರಿಂಟ್ ಕೈಗೆ ಬಂದ ಕೂಡಲೇ ಮೊದಲು ಆ ಗೆರೆಯನ್ನು ಅಳೆಯಿರಿ. ಅದು 100 ಇದ್ದು ಮನೆ ಮಾತ್ರ ತಪ್ಪಿದ್ದರೆ ಪ್ರಿಂಟರಿನ ತಪ್ಪಿಲ್ಲ, ವ್ಯೂಪೋರ್ಟ್ ಸ್ಕೇಲ್ ನೋಡಬೇಕು. ಗೆರೆಯೇ 97 ಬಂದರೆ ಡ್ರಾಯಿಂಗ್ ಮುಟ್ಟಲೇಬೇಡಿ. ಈ ಗೆರೆ ಇಲ್ಲದೆ ಯಾವ ಹಾಳೆಯೂ ಆಫೀಸಿನಿಂದ ಹೊರಗೆ ಹೋಗಬಾರದು ಅನ್ನುವುದು ನನ್ನ ಹಟ.

ವ್ಯೂಪೋರ್ಟ್ ಸ್ಕೇಲ್ ತಪ್ಪುವುದಕ್ಕೆ ಕಾರಣ ಹೆಚ್ಚಾಗಿ ಮೌಸಿನ ಚಕ್ರ. ವ್ಯೂಪೋರ್ಟಿನ ಒಳಗೆ ಡಬಲ್ ಕ್ಲಿಕ್ ಮಾಡಿ ಸುಮ್ನೆ ಒಮ್ಮೆ ಝೂಮ್ ಮಾಡಿದರೂ 1:100 ಹೋಗಿ 1:97.3ರಂಥ ಏನೋ ಒಂದು ಕೂತುಬಿಡುತ್ತದೆ. ಸ್ಕೇಲ್ ಇಟ್ಟ ತಕ್ಷಣ ವ್ಯೂಪೋರ್ಟನ್ನು ಲಾಕ್ ಮಾಡಿ.

ಇನ್ನು 360ರ ವಿಷಯ. ಇದು ನಮ್ಮ ಗಡಿನಾಡಿನಲ್ಲಿ ಸ್ವಲ್ಪ ಜಾಸ್ತಿಯೇ ಕಾಡುವ ತೊಂದರೆ. ಕೇರಳದಲ್ಲಿ ಮನೆ ಪ್ಲ್ಯಾನ್‌ಗಳನ್ನು ಸೆಂಟಿಮೀಟರಿನಲ್ಲಿ ಬಿಡಿಸುವ ರೂಢಿ ಇದೆ. ಕೋಣೆ 360 × 300, ಗೋಡೆ 20. ಮಂಗಳೂರಿನಲ್ಲಿ ಓದಿ ಬಂದವರು ಮಿಲಿಮೀಟರಿನಲ್ಲಿ ಬಿಡಿಸುತ್ತಾರೆ. ಅದೇ ಕೋಣೆ 3600 × 3000, ಗೋಡೆ 200. ಕೆಲಸದ ಜಾಗದಲ್ಲಿ ಮೇಸ್ತ್ರಿ ಅಡಿ-ಇಂಚು ಕೇಳುತ್ತಾರೆ. ವಾಸ್ತು ನೋಡುವ ಆಚಾರಿ ಕೋಲು-ಅಂಗುಲದಲ್ಲಿ ಸುತ್ತಳತೆ ಕೊಡುತ್ತಾರೆ. ಸಾಮಾನ್ಯವಾಗಿ 1 ಕೋಲು ಅಂದರೆ 24 ಅಂಗುಲ, 72 ಸೆಂ.ಮೀ. ಒಂದೇ ಮನೆಗೆ ನಾಲ್ಕು ಲೆಕ್ಕ. ಒಬ್ಬರ ಫೈಲಿನಿಂದ ಇನ್ನೊಬ್ಬರು ಅಡುಗೆಕೋಣೆಯನ್ನೋ ಮೆಟ್ಟಿಲನ್ನೋ ಎತ್ತಿ ಅಂಟಿಸುವಾಗ ಈ ಲೆಕ್ಕವೂ ಜೊತೆಗೇ ಬರುತ್ತದೆ.

ನಿಮ್ಮ ಎರಡೂ ಕೋಣೆಗಳು ಪರದೆಯ ಮೇಲೆ ಒಂದೇ ಗಾತ್ರ ಎಂದಿದ್ದೀರಿ. ಹಾಗಾದರೆ ಗೋಡೆಗಳು ಸರಿಯಾಗಿವೆ, ಅಂಕಿ ಮಾತ್ರ ತಪ್ಪಿದೆ. ಡೈಮೆನ್ಶನ್ ಸ್ಟೈಲ್ ತೆರೆದು 'ಪ್ರೈಮರಿ ಯೂನಿಟ್ಸ್' ಟ್ಯಾಬಿನಲ್ಲಿ 'ಸ್ಕೇಲ್ ಫ್ಯಾಕ್ಟರ್' ನೋಡಿ. 360 ತೋರಿಸುವ ಡೈಮೆನ್ಶನಿನ ಸ್ಟೈಲಿನಲ್ಲಿ ಅಲ್ಲಿ 0.1 ಇರಬೇಕು. ಮಿಲಿಮೀಟರಿನಲ್ಲಿ ಬಿಡಿಸಿ ಸೆಂಟಿಮೀಟರಿನಲ್ಲಿ ತೋರಿಸಲು ಯಾರೋ ಇಟ್ಟದ್ದು ಅದು. ಇಡುವುದು ತಪ್ಪಲ್ಲ, ಆದರೆ ಒಂದೇ ಹಾಳೆಯಲ್ಲಿ ಎರಡು ಬಗೆ ಇರಬಾರದು. ಯಾವುದಾದರೂ ಒಂದನ್ನು ಆರಿಸಿ ಎಲ್ಲ ಡೈಮೆನ್ಶನ್‌ಗಳನ್ನೂ ಅದೇ ಸ್ಟೈಲಿಗೆ ತನ್ನಿ.

ಕೋಣೆಯೇ ಹತ್ತು ಪಟ್ಟು ಸಣ್ಣದಾಗಿ ಬಂದಿದ್ದರೆ ಮಾತ್ರ 'ಸ್ಕೇಲ್' ಕಮಾಂಡಿನಿಂದ 10 ಪಟ್ಟು ದೊಡ್ಡದು ಮಾಡಿ. ಸಂಶಯವಿದ್ದರೆ ಗೋಡೆಯ ದಪ್ಪ ಅಳೆಯಿರಿ. ನಮ್ಮಲ್ಲಿ ಕೆಂಪುಕಲ್ಲಿನ ಗೋಡೆಯನ್ನು ಪ್ಲ್ಯಾನ್‌ನಲ್ಲಿ ಸಾಮಾನ್ಯವಾಗಿ 20 ಸೆಂ.ಮೀ. ತೋರಿಸುತ್ತಾರೆ. 'ಡಿಸ್ಟ್' ಕಮಾಂಡ್ 20 ಅಂದರೆ ಫೈಲ್ ಸೆಂಟಿಮೀಟರಿನದು, 200 ಅಂದರೆ ಮಿಲಿಮೀಟರಿನದು, 0.2 ಅಂದರೆ ಮೀಟರಿನದು. ಡೈಮೆನ್ಶನಿನ ಅಂಕಿಗಿಂತ ಇದನ್ನು ನಂಬಬಹುದು, ಯಾಕೆಂದರೆ ಡೈಮೆನ್ಶನ್ ಸ್ಟೈಲಿನ ಫ್ಯಾಕ್ಟರ್ ಇದನ್ನು ಮುಟ್ಟುವುದಿಲ್ಲ.

ಸೆಂಟಿಮೀಟರಿನಲ್ಲೇ ಬಿಡಿಸುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ಲೇಔಟಿನ ಹಾಳೆ ಮಿಲಿಮೀಟರಿನಲ್ಲಿರುತ್ತದೆ. ವ್ಯೂಪೋರ್ಟಿನಲ್ಲಿ 1:100 ಆರಿಸಿದರೆ 'ಹಾಳೆಯ 1 ಮಿ.ಮೀ.ಗೆ ಡ್ರಾಯಿಂಗಿನ 100 ಯೂನಿಟ್' ಎಂದು ಅರ್ಥ. ನಿಮ್ಮ ಯೂನಿಟ್ ಸೆಂಟಿಮೀಟರ್ ಆಗಿದ್ದರೆ ಅದು 1:1000 ಆಗಿಹೋಯಿತು. 1200 ಯೂನಿಟ್ ಉದ್ದದ ಮನೆ ಹಾಳೆಯ ಮೇಲೆ 12 ಮಿ.ಮೀ., ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು. ಸೆಂಟಿಮೀಟರಿನ ಫೈಲಿಗೆ ನಿಜವಾದ 1:100 ಬೇಕಿದ್ದರೆ ಪಟ್ಟಿಯಲ್ಲಿ 1:10 ಆರಿಸಬೇಕು. ಹಾಳೆಯ ಮೇಲೆ ಬರೆಯುವುದು ಮಾತ್ರ 1:100 ಎಂದೇ. ಮೀಟರಿನ ಫೈಲಾದರೆ 10:1. ಇದು ತಲೆಕೆಳಗಾಗಿ ಕಾಣುತ್ತದೆ, ಅಲ್ವಾ? ಅದಕ್ಕೇ ಹೊಸಬರಿಗೆ ನಾನು ಹೇಳುವುದು, ಮಿಲಿಮೀಟರಿನಲ್ಲಿ ಬಿಡಿಸಿ, ಅಂಕಿ ಬೇಕಾದರೆ ಸೆಂಟಿಮೀಟರಿನಲ್ಲಿ ತೋರಿಸಿ ಎಂದು.

ಲೇಔಟಿನ 36ಕ್ಕೆ ಬರೋಣ. 3600 ಭಾಗಿಸು 36, ಸರಿಯಾಗಿ 100. ಅಂದರೆ ಆ ಡೈಮೆನ್ಶನ್ ಹಾಳೆಯ ಮೇಲಿನ 36 ಮಿಲಿಮೀಟರನ್ನು ಅಳೆದು ಹೇಳುತ್ತಿದೆ. ಆಪ್ಷನ್ಸ್‌ನ 'ಯೂಸರ್ ಪ್ರಿಫರೆನ್ಸಸ್' ಟ್ಯಾಬಿನಲ್ಲಿ ಹೊಸ ಡೈಮೆನ್ಶನ್‌ಗಳನ್ನು ಅಸೋಸಿಯೇಟಿವ್ ಮಾಡುವ ಟಿಕ್ ಇದೆ. ಅದು ತಪ್ಪಿಹೋಗಿದ್ದರೆ ಹೀಗಾಗುತ್ತದೆ. ಟಿಕ್ ಹಾಕಿ ಡೈಮೆನ್ಶನ್ ಮತ್ತೆ ಕೊಟ್ಟರೆ, ವ್ಯೂಪೋರ್ಟಿನ ಒಳಗಿನ ಗೋಡೆಯ ಮೂಲೆಯನ್ನು ಹಿಡಿದುಕೊಂಡು 3600 ಅನ್ನುತ್ತದೆ.

ದಯವಿಟ್ಟು ಒಂದನ್ನು ಮಾತ್ರ ಮಾಡಬೇಡಿ. 36ರ ಮೇಲೆ ಡಬಲ್ ಕ್ಲಿಕ್ ಮಾಡಿ 3600 ಎಂದು ಕೈಯಲ್ಲಿ ಟೈಪ್ ಮಾಡಬೇಡಿ. ಅವಸರದಲ್ಲಿ ಎಲ್ಲರಿಗೂ ಆಸೆಯಾಗುತ್ತದೆ. ನಾಳೆ ಮನೆಯವರು ಬಂದು ಕೋಣೆಯನ್ನು ಅರ್ಧ ಮೀಟರ್ ದೊಡ್ಡದು ಮಾಡಿ ಅನ್ನುತ್ತಾರೆ. ನೀವು ಗೋಡೆ ಎಳೆಯುತ್ತೀರಿ. ಅಂಕಿ 3600ರಲ್ಲೇ ಕೂತಿರುತ್ತದೆ. ಕಲ್ಲು ಕಟ್ಟುವವರು ಅಂಕಿಯನ್ನೇ ಓದುತ್ತಾರೆ. ಬೇರೆಯವರ ಫೈಲ್ ಬಂದಾಗ ಹೀಗೆ ಟೈಪ್ ಮಾಡಿದ ಅನುಮಾನವಿದ್ದರೆ, ಡೈಮೆನ್ಶನ್‌ಗಳನ್ನು ಆರಿಸಿ ಪ್ರಾಪರ್ಟೀಸ್‌ನಲ್ಲಿ 'ಟೆಕ್ಸ್ಟ್ ಓವರ್‌ರೈಡ್' ಜಾಗವನ್ನು ಖಾಲಿ ಮಾಡಿ. ನಿಜವಾದ ಅಳತೆ ಹೊರಗೆ ಬರುತ್ತದೆ. ಕೆಲವೊಮ್ಮೆ ಗಾಬರಿಯಾಗುವಷ್ಟು ನಿಜ.

ದೈತ್ಯ ಬಾಗಿಲಿನ ಕಥೆ ಸರಳ. ಅದರ ಅಗಲ ಅಳೆದರೆ 22860 ಬಂದೀತು ಎಂದು ನನ್ನ ಊಹೆ. 900ನ್ನು 25.4ರಿಂದ ಗುಣಿಸಿದ ಸಂಖ್ಯೆ ಅದು. 90 ಸೆಂಟಿಮೀಟರಿನ ಬಾಗಿಲು 22.86 ಮೀಟರ್ ಆಗಿದೆ! ಬಾಗಿಲು ಬಿಡಿಸಿದವರು 'ಅಕ್ಯಾಡ್' ಟೆಂಪ್ಲೇಟಿನಿಂದ ಫೈಲ್ ಶುರು ಮಾಡಿರಬೇಕು. ಅದು ಇಂಚಿನದು. ಮೆಟ್ರಿಕ್ ಕೆಲಸಕ್ಕೆ 'ಅಕ್ಯಾಡ್-ಐಸೊ' ಟೆಂಪ್ಲೇಟ್ ಬಳಸಬೇಕು. ಇಂಚಿನ ಫೈಲಿನಲ್ಲಿ 900 ಎಂದು ಕಂಡಾಗ ಸಾಫ್ಟ್‌ವೇರ್ ಅದನ್ನು 900 ಇಂಚು ಎಂದೇ ತಿಳಿದು ಮಿಲಿಮೀಟರಿಗೆ ಬದಲಾಯಿಸಿತು. ಬಾಗಿಲಿನ ಫೈಲ್ ತೆರೆದು 'ಯೂನಿಟ್ಸ್' ಕಮಾಂಡಿನಲ್ಲಿ ಇನ್ಸರ್ಶನ್ ಸ್ಕೇಲನ್ನು ಮಿಲಿಮೀಟರ್ ಮಾಡಿ, ಸೇವ್ ಮಾಡಿ. ನಿಮ್ಮ ಪ್ಲ್ಯಾನ್‌ನಲ್ಲಿರುವ ಹಳೆಯ ಬ್ಲಾಕ್ (ಹಾಗೆ ತಂದ ಬಾಗಿಲು) ಅಳಿಸಿ, 'ಪರ್ಜ್' ಕಮಾಂಡಿನಿಂದ ಫೈಲಿನಲ್ಲಿ ಉಳಿದ ಅದರ ಗುರುತನ್ನೂ ತೆಗೆದು, ಮತ್ತೆ ತನ್ನಿ.

ಹಾಗೆಂದು 'ಯೂನಿಟ್ಸ್' ಬದಲಾಯಿಸಿದರೆ ಮನೆಯ ಅಳತೆ ಬದಲಾಗುತ್ತದೆ ಎಂದುಕೊಳ್ಳಬೇಡಿ. ಮೇಸ್ತ್ರಿಗೆ ಅಡಿ ಬೇಕೆಂದು ಮಿಲಿಮೀಟರಿನ ಫೈಲಿನಲ್ಲಿ ಯೂನಿಟ್ಸ್ ಅನ್ನು ಆರ್ಕಿಟೆಕ್ಚರಲ್‌ಗೆ ತಿರುಗಿಸಿದರೆ, ನಿಮ್ಮ 12000 ಮಿ.ಮೀ. ಮನೆಯನ್ನು ಅದು 12000 ಇಂಚು ಎಂದು ಓದಿ 1000 ಅಡಿ ಅನ್ನುತ್ತದೆ. ಮಂಜೇಶ್ವರದ ಶಾಲೆಗಳೂ ಅಷ್ಟು ಉದ್ದ ಇರಲಿಕ್ಕಿಲ್ಲ. ಅಡಿ ತೋರಿಸಲು ಸರಿಯಾದ ಜಾಗ ಡೈಮೆನ್ಶನ್ ಸ್ಟೈಲಿನ 'ಆಲ್ಟರ್ನೇಟ್ ಯೂನಿಟ್ಸ್' ಟ್ಯಾಬ್. ಅಲ್ಲಿ ಗುಣಕ 0.03937, ಬಗೆ ಆರ್ಕಿಟೆಕ್ಚರಲ್ ಎಂದು ಕೊಡಿ. 3600ರ ಪಕ್ಕದಲ್ಲಿ ಹೆಚ್ಚುಕಡಿಮೆ 11 ಅಡಿ 9¾ ಇಂಚು ಎಂದು ಬರುತ್ತದೆ. ಪಂಚಾಯತಿಗೂ ಮೇಸ್ತ್ರಿಗೂ ಒಂದೇ ಫೈಲ್ ಸಾಕಾಗುತ್ತದೆ.

ಡೈಮೆನ್ಶನಿನ ಅಕ್ಷರ ಇರುವೆಯಷ್ಟು ಸಣ್ಣದಾಗಿ ಕಾಣುವುದು ಬೇರೆಯೇ ವಿಷಯ. ಐಸೊ ಸ್ಟೈಲಿನಲ್ಲಿ ಅಕ್ಷರದ ಎತ್ತರ 2.5. ಮಾಡೆಲ್‌ನಲ್ಲಿ, ಅಂದರೆ ಮನೆಯನ್ನು ನಿಜ ಅಳತೆಯಲ್ಲಿ ಬಿಡಿಸುವ ಜಾಗದಲ್ಲಿ, 12000 ಯೂನಿಟ್ಟಿನ ಮನೆಯ ಮುಂದೆ ಅದು ಕಾಣುವುದಾದರೂ ಹೇಗೆ? 1:100ಕ್ಕೆ ಅದು 250 ಆಗಬೇಕು. ಡೈಮೆನ್ಶನ್ ಸ್ಟೈಲಿನ 'ಫಿಟ್' ಟ್ಯಾಬಿನಲ್ಲಿ ಓವರಾಲ್ ಸ್ಕೇಲ್ 100 ಇಡಿ. ಅದಕ್ಕಿಂತ ಒಳ್ಳೆಯದು ಸ್ಟೈಲನ್ನು ಆನೋಟೇಟಿವ್ ಮಾಡುವುದು. 2008ರ ಆಟೋಕ್ಯಾಡ್‌ನಿಂದ ಈ ಸೌಲಭ್ಯ ಇದೆ. ಆಗ ಒಂದೇ ಡೈಮೆನ್ಶನ್ 1:100ರಲ್ಲೂ 1:50ರಲ್ಲೂ ಕಾಗದದ ಮೇಲೆ ಒಂದೇ ಎತ್ತರದಲ್ಲಿ ಬರುತ್ತದೆ.

ಕಾಗದದ ವಿಷಯವೂ ಸ್ವಲ್ಪ ಹೇಳಬೇಕು. ಎ0 ಹಾಳೆಯ ವಿಸ್ತೀರ್ಣ 1 ಚದರ ಮೀಟರ್, ಅಳತೆ 841 × 1189 ಮಿ.ಮೀ. ಅದನ್ನು ಅರ್ಧ ಮಾಡುತ್ತಾ ಹೋದರೆ ಎ1, ಎ2, ಎ3, ಎ4. ಒಂದು ಹೆಜ್ಜೆ ಕೆಳಗಿಳಿದರೆ ಉದ್ದ ಅರ್ಧವಾಗುವುದಿಲ್ಲ, 0.707 ಪಟ್ಟು ಆಗುತ್ತದೆ. ಜೆರಾಕ್ಸ್ ಮೆಶಿನಿನಲ್ಲಿ ಎ3ರಿಂದ ಎ4ಗೆ 71% ಎಂದು ಬರುವುದು ಇದಕ್ಕೇ. ಹಾಗಾಗಿ ನಿಮ್ಮ 1:100ರ ಎ3 ಹಾಳೆಯನ್ನು ಯಾರಾದರೂ ಎ4ಗೆ ಇಳಿಸಿದರೆ ಅದು 1:141. ಯಾವ ಅಂಗಡಿಯಲ್ಲೂ ಅಂಥ ಸ್ಕೇಲ್ ಪಟ್ಟಿ ಸಿಗುವುದಿಲ್ಲ. ಎ2ರಿಂದ ಎ4ಗೆ ಇಳಿಸಿದರೆ ಸರಿಯಾಗಿ ಅರ್ಧ, 1:200, ಕೆಲಸಕ್ಕೆ ಬರುತ್ತದೆ. ಆದರೆ ಹಾಳೆಯ ಮೇಲೆ ಎರಡರಲ್ಲೂ 1:100 ಎಂದೇ ಅಚ್ಚಾಗಿರುತ್ತದೆ. ಅಂಕಿಯ ಜೊತೆಗೆ ಒಂದು ಸ್ಕೇಲ್ ಬಾರ್ ಬಿಡಿಸಿಡಿ. ಹಾಳೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ.

ಪಿಡಿಎಫ್ ಮಾಡುವಾಗ ಕಾಗದದ ಪಟ್ಟಿಯಲ್ಲಿ 'ಆನ್ಸಿ ಬಿ' ಎ3ಯ ಅಣ್ಣತಮ್ಮನ ಹಾಗೆ ಕಾಣುತ್ತದೆ. ಅದು 279 × 432 ಮಿ.ಮೀ., ಅಮೆರಿಕದ ಅಳತೆ. ನಮ್ಮ ಎ3ಯಲ್ಲಿ ಅದು ಕೂರುವುದಿಲ್ಲ, ಉದ್ದ 12 ಮಿ.ಮೀ. ಹೊರಗೆ ಹೋಗುತ್ತದೆ. 'ಐಸೊ ಫುಲ್ ಬ್ಲೀಡ್ ಎ3' ಆರಿಸಿ, ಪ್ಲಾಟ್ ಸ್ಕೇಲ್ 1:1 ಇಡಿ, 'ಫಿಟ್ ಟು ಪೇಪರ್' ಟಿಕ್ ತೆಗೆಯಿರಿ. ಸುತ್ತಲೂ ಹತ್ತು ಮಿಲಿಮೀಟರ್ ಅಂಚನ್ನು ನೀವೇ ಖಾಲಿ ಬಿಡಿ. ಎ1 ಬೇಕಿದ್ದರೆ 24 ಇಂಚಿನ ರೋಲ್ ಇರುವ ಪ್ಲಾಟರ್ ಸಾಕು. ರೋಲಿನ ಅಗಲ 610 ಮಿ.ಮೀ., ಎ1ರದ್ದು 594.

ಪ್ಲ್ಯಾನ್ ಕಳಿಸುವ ಮುಂಚೆ ಜಾಗದ ವಿಸ್ತೀರ್ಣವನ್ನು ದಾಖಲೆಯೊಂದಿಗೆ ಹೋಲಿಸಿ ನೋಡಿ. ಉದ್ದದ ತಪ್ಪು ವಿಸ್ತೀರ್ಣದಲ್ಲಿ ವರ್ಗವಾಗಿ ಬೆಳೆಯುತ್ತದೆ, ಅಂದರೆ 10 ಪಟ್ಟಿನ ತಪ್ಪು ಅಲ್ಲಿ 100 ಪಟ್ಟು. 5 ಸೆಂಟ್ಸ್ ಜಾಗ ಸುಮಾರು 202.3 ಚದರ ಮೀಟರ್, ಅಂದರೆ 2.02 ಆರ್ (1 ಆರ್ ಅಂದರೆ 100 ಚದರ ಮೀಟರ್). ಮಿಲಿಮೀಟರಿನ ಫೈಲಿನಲ್ಲಿ 'ಏರಿಯಾ' ಕಮಾಂಡ್ ಕೊಡುವ ಸಂಖ್ಯೆಯನ್ನು 10 ಲಕ್ಷದಿಂದ ಭಾಗಿಸಿದರೆ ಚದರ ಮೀಟರ್ ಸಿಗುತ್ತದೆ. ನಿಮ್ಮ ಈಗಿನ ಕುಗ್ಗಿದ ಪ್ರಿಂಟಿನ ಮೇಲೆ ಯಾರಾದರೂ ಸ್ಕೇಲ್ ಇಟ್ಟು ಲೆಕ್ಕ ಹಾಕಿದರೆ ಆ 5 ಸೆಂಟ್ಸ್ 4.67 ಆಗುತ್ತದೆ. ನೆರೆಕರೆಯವರ ಜೊತೆ ಗಡಿ ತಕರಾರು ಶುರುವಾಗಲು ಅಷ್ಟು ಸಾಕು.

1956ರ ಮೊದಲು ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಮನೆಯವರು ತಂದುಕೊಡುವ ಹಳೆಯ ಸರ್ವೆ ಸ್ಕೆಚ್ಚಿನಲ್ಲಿ ಅಳತೆ ಲಿಂಕ್ಸ್‌ನಲ್ಲಿ ಇದ್ದರೆ ಆಶ್ಚರ್ಯಪಡಬೇಡಿ. 100 ಲಿಂಕ್ಸ್ ಅಂದರೆ ಒಂದು ಚೈನ್, 66 ಅಡಿ. ಅಂಕಿಗಳನ್ನು ಇದ್ದ ಹಾಗೆ ಬಿಡಿಸಿ, ಮೊದಲು ಆಗಲೇ ವಿಸ್ತೀರ್ಣ ನೋಡಿ. 1000 ಚದರ ಲಿಂಕ್ಸ್‌ಗೆ ಸರಿಯಾಗಿ 1 ಸೆಂಟ್. ದಾಖಲೆಯಲ್ಲಿರುವ ಸೆಂಟ್ಸ್‌ಗೆ ಅದು ಸರಿಹೊಂದಿದರೆ ಎಲ್ಲವನ್ನೂ ಆರಿಸಿ 'ಸ್ಕೇಲ್' ಕಮಾಂಡಿನಲ್ಲಿ 201.168 ಕೊಡಿ. ಸ್ಕೆಚ್ ಮಿಲಿಮೀಟರಿಗೆ ಬಂದು ನಿಮ್ಮ ಮನೆಯ ಪ್ಲ್ಯಾನ್ ಅದರೊಳಗೆ ಸರಿಯಾಗಿ ಕೂರುತ್ತದೆ.